ಮುಂಭಾಗ ಬಿಟ್ಟು ಬರೆದ ಮನೆ

ಮೆಟ್ಟಿಲ ಕೆಳಗಿನ ಕೋಣೆಯಿಂದ,
ಜೂನ್ ೧೨, ಗುರುವಾರ

ಚಿರಂಜೀವಿ ಮಗನಿಗೆ ಅಮ್ಮನ ಆಶೀರ್ವಾದಗಳು.

ಹೇಗಿದ್ದೀಯಪ್ಪಾ? ಕತ್ತು ನೋವು ಕಡಿಮೆಯಾಯಿತೇ? ಬಗ್ಗಿ ಬಗ್ಗಿ ಅಷ್ಟೊಂದು ಮಕ್ಕಳ ಚಿತ್ರ ನೋಡಿದ್ದೀಯ, ಇನ್ನು ಸ್ವಲ್ಪ ದಿನ ಕಣ್ಣಿಗೂ ಕತ್ತಿಗೂ ರಜ ಕೊಡು. ಸೊಸೆಯನ್ನು ಕೇಳಿದೆನೆಂದು ಹೇಳು, ಅವಳ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಸೊಂಟದ ಸಮಾಚಾರ ನೀನು ಕೇಳದಿದ್ದರೂ ಹೇಳುತ್ತೇನೆ: ನಡೆಯುತ್ತೇನೆ, ಆದರೆ ಗೋಡೆ ಬೇಕು. ಫೋನಿದ್ದೂ ಪತ್ರ ಏಕೆ ಎಂದು ಹುಬ್ಬೇರಿಸಬೇಡ. ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀಯ, ಪತ್ರವನ್ನಾದರೆ ಕೊನೆಯವರೆಗೂ ಓದಲೇಬೇಕು.

ಸುದ್ದಿ ಏನೆಂದರೆ, ನಿನ್ನ ತಂಗಿಯ ಮಗಳು, ನೀನೇ ಹೆಸರಿಟ್ಟ ಆ ಕಡ್ಡಿ, ನೀನು ಪಾಠ ಹೇಳುವ ಕಾಲೇಜಿಗೇ ಅರ್ಜಿ ಹಾಕಿದ್ದಳು. ಆರ್ಕಿಟೆಕ್ಚರ್ ಪದವಿಗೇ. ನಿನಗೆ ಹೇಳಬೇಡ ಎಂದವಳು ನಾನು. ಕಳೆದ ವರ್ಷ ಅವಳು ತನ್ನ ಚಿತ್ರಗಳನ್ನು ಎದೆಗವಚಿಕೊಂಡು ನಿನ್ನ ಆಫೀಸಿಗೆ ಬಂದಿದ್ದಳಲ್ಲ, ನೆನಪಿದೆಯೇ? ಮೇಲಿನ ಒಂದೇ ಒಂದು ಹಾಳೆ ನೋಡಿ, ಉಳಿದದ್ದರ ಮೇಲೆ ಕಾಫಿ ಕಪ್ಪಿಟ್ಟೆ. "ಮನೆ ಚಿತ್ರದಲ್ಲಿ ಬಕೆಟ್ಟು, ಚಪ್ಪಲಿ, ಮನುಷ್ಯರು ಎಲ್ಲ ಯಾಕೆ ಬೇಕು? ಇವಳಿಗೆ ಗೆರೆ ಎಳೆಯೋ ಕೈಯಿಲ್ಲ. ಬೇರೆ ಏನಾದ್ರೂ ಓದ್ಲಿ" ಅಂದೆ. ಅವಳಿಗಲ್ಲ, ಅವಳ ತಲೆಯ ಮೇಲಿನಿಂದ ನಿನ್ನ ತಂಗಿಗೆ ಹೇಳಿದೆ. ಮನೆಗೆ ಬಂದ ಮಗು ಪೆನ್ಸಿಲ್ ಡಬ್ಬಿಯನ್ನು ಕಪಾಟಿನ ಮೇಲಕ್ಕೆ ಎಸೆದು, ಒಂದು ವರ್ಷ ಒಂದು ಗೆರೆಯನ್ನೂ ಎಳೆಯಲಿಲ್ಲ. ನಾನು ನಿನ್ನನ್ನು ಹೆತ್ತವಳು, ಆದರೂ ಹೇಳುತ್ತೇನೆ, ಆ ದಿನ ನಿನ್ನ ಕಿವಿ ಹಿಂಡಬೇಕೆಂದು ಕೈ ತುರಿಸಿತು.

ನನ್ನ ಸಿಟ್ಟಾದರೋ ಅದಕ್ಕಿಂತ ಹಳೆಯದು. ನೀನು ಈ ಮನೆ ಕಟ್ಟುವಾಗ ಮೆಟ್ಟಿಲಿಗೆ ಹಿಡಿದುಕೊಳ್ಳಲೊಂದು ಕಂಬಿ ಹಾಕಿಸಪ್ಪಾ ಎಂದು ಎಷ್ಟು ಸಲ ಗೋಗರೆದೆ. "ಗೆರೆ ಕೆಡುತ್ತಮ್ಮ" ಅಂದೆ. ಗೋಡೆಯಿಂದ ಹಲಗೆ ಚಾಚಿಕೊಂಡಂಥ ಮೆಟ್ಟಿಲು, ಅತ್ತ ಕಡೆ ಬರೀ ಗಾಳಿ. ಸ್ನಾನದ ಮನೆಯನ್ನು ಮೇಲೆ ಮಾತ್ರ ಇಟ್ಟೆ. ಪತ್ರಿಕೆಯವರು ಬಂದು ಖಾಲಿ ಮನೆಯ ಫೋಟೋ ತೆಗೆದರು, ನಮ್ಮನ್ನೆಲ್ಲ ಹೊರಗೆ ನಿಲ್ಲಿಸಿದ್ದೆ, ನನ್ನ ಚಪ್ಪಲಿಯನ್ನು ನೀನೇ ಎತ್ತಿ ಕಾರಿನಲ್ಲಿಟ್ಟೆ. ಆಮೇಲೆ ನೀನು ಈ ಹೊಸ್ತಿಲು ತುಳಿಯಲಿಲ್ಲ. ನಾನು ಆ ಮೆಟ್ಟಿಲಿನಿಂದ ಬಿದ್ದಾಗಲೂ ಆಸ್ಪತ್ರೆಗೆ ಬಂದು, "ನೋಡ್ಕೊಂಡು ಇಳೀಬಾರ್ದಿತ್ತಾ" ಎಂದು ಹೇಳಿ ಹಾಗೇ ಹೋದೆ. ನಿನ್ನ ತಂಗಿ ಮೆಟ್ಟಿಲುದ್ದಕ್ಕೂ ಬಟ್ಟೆ ಒಣಗಿಸುವ ಹಗ್ಗ ಕಟ್ಟಿದಳು, ಕೈ ಜಾರದ ಹಾಗೆ ಅಲ್ಲಲ್ಲಿ ಗಂಟು ಹಾಕಿದಳು. ಅದನ್ನೂ ಫೋನಿನಲ್ಲಿ ಹೇಳಿದ್ದೆ. ನೀನು ಹೂಂಗುಟ್ಟುತ್ತಾ ಬೇರೇನೋ ಟೈಪು ಮಾಡುತ್ತಿದ್ದೆ, ಟಕಟಕ ಸದ್ದು ನನಗೆ ಕೇಳಿಸುತ್ತಿತ್ತು.

ಈ ವರ್ಷ ನಿಮ್ಮ ಕಾಲೇಜಿನವರು ಅರ್ಜಿಯ ಜೊತೆಗೆ ಚಿತ್ರಗಳ ಕಡತವೊಂದನ್ನು ಕೇಳಿದ್ದರಲ್ಲ, ಒಂದು ಮನೆಯಲ್ಲಿ ಒಬ್ಬ ವ್ಯಕ್ತಿ ಒಂದು ದಿನ ಹೇಗೆ ಬದುಕುತ್ತಾರೆ ಎಂದು ಅಳತೆ ಹಿಡಿದು ಬರೆಯಿರಿ ಎಂದು. ಹೆಸರು ಬರೆಯುವಂತಿಲ್ಲ, ಬರೀ ನಂಬರು. ಪರೀಕ್ಷಕರ ಪೈಕಿ ನೀನೂ ಒಬ್ಬ ಎಂದು ಗೊತ್ತಾದ ಕೂಡಲೇ ಅವಳನ್ನು ಸ್ಟೂಲು ಹತ್ತಿಸಿ ಆ ಪೆನ್ಸಿಲ್ ಡಬ್ಬಿ ತೆಗೆಸಿದವಳು ನಾನೇ. ಟೇಪಿನ ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ನಿನ್ನ ಬಿಳಿ ಗೋಡೆಗಳ ಮೇಲೆ ನನ್ನ ಅಂಗೈ ಊರಿ ಊರಿ ಕೊಳೆಯಾದ ಜಾಗಗಳಿವೆ. ಮಗು ಅವನ್ನೆಲ್ಲ ಒಂದೂ ಬಿಡದೆ ಅಳೆದು ಬರೆಯಿತು. ಹಗ್ಗದ ಗಂಟುಗಳನ್ನು ಬರೆಯಿತು. ನಿನ್ನ ಗಾಜಿನ ಸೂರಿನ ಕೆಳಗೆ ಬಿಸಿಲು ತಡೆಯಲಾರದೆ ನಾವು ಕಟ್ಟಿರುವ ಹಳೇ ಬೆಡ್‌ಶೀಟು, ಅಡುಗೆಮನೆಯ ಎತ್ತರದ ಕಪಾಟಿಗಾಗಿ ಇಟ್ಟುಕೊಂಡ ಸ್ಟೂಲು, ಎಲ್ಲವನ್ನೂ ನಾನು ಕೂತ ಕುರ್ಚಿಯಿಂದ ಹೇಗೆ ಕಾಣುತ್ತದೋ ಹಾಗೇ ಬರೆಯಿತು. ನಾನು ಹೇಳಿಕೊಟ್ಟದ್ದು ಒಂದೇ ಮಾತು. "ಮನೆ ಮುಂಭಾಗ ಮಾತ್ರ ಬರೀಬೇಡ ಕಣೇ. ಅವನಿಗೆ ಈ ಮನೇಲಿ ಗೊತ್ತಿರೋದು ಅದೊಂದೇ."

ಕಡತ ಕೊಟ್ಟು ಬಂದ ಮೇಲೆ ಒಂದು ಭಾನುವಾರ ನಿನ್ನ ಫೋನು ಬಂತು. ಎಂದೂ ಇಲ್ಲದ ಉತ್ಸಾಹ ನಿನಗೆ. "ಅಮ್ಮಾ, ಈ ಸಲ ಯಾವ್ದೋ ಒಂದು ಮಗು ಏನ್ ಬರ್ದಿದೆ ಗೊತ್ತಾ! ಒಬ್ಬಳು ಮುದುಕಿ, ಪಾಪ, ಗೋಡೆ ಹಿಡ್ಕೊಂಡು ಮನೆಯೆಲ್ಲ ಓಡಾಡ್ತಾಳೆ. ಮೆಟ್ಟಿಲಿಗೆ ಹಗ್ಗ ಕಟ್ಟಿದಾರೆ, ಹಗ್ಗ! ಆ ಮನೆ ಕಟ್ಟಿದೋನಿಗೆ ತಾಯಿ ಅನ್ನೋಳೇ ಇರ್ಲಿಲ್ವೇನೋ. ಅವನನ್ನ ಹಿಡ್ಕೊಂಡ್ಬಂದು ಒಂದು ವಾರ ಅದೇ ಮನೇಲಿ ಕೂಡಿ ಹಾಕ್ಬೇಕು." ನಾನು ಸೆರಗು ಬಾಯಿಗೊತ್ತಿಕೊಂಡು, "ಹೌದಪ್ಪಾ, ಹಾಕ್ಲೇಬೇಕು" ಅಂದೆ. ಫೋನು ಇಟ್ಟ ಮೇಲೆ ನಕ್ಕೆ, ಸೊಂಟ ಹಿಡಿದುಕೊಳ್ಳುವಷ್ಟು ನಕ್ಕೆ. ಆಮೇಲೆ ಯಾಕೋ ಅಳುವೂ ಬಂತು. ನಿನ್ನ ಬಾಯಿಂದ ಆ ಮುದುಕಿಗೆ ಬಂದ "ಪಾಪ" ನನಗೆ ಎಂದೂ ಬಂದಿರಲಿಲ್ಲ ನೋಡು.

ಈಗಾಗಲೇ ನಿನಗೆ ತಿಳಿದಿರಬೇಕು, ಆದರೂ ನನ್ನ ಕೈಯಾರೆ ಬರೆಯುವ ಸುಖವನ್ನು ಬಿಟ್ಟುಕೊಡಲಾರೆ. ಆ ಮನೆ ಇದೇ. ಆ ಮುದುಕಿ ನಾನೇ. ಆ ಮಗು ನೀನು ಕೈಯಿಲ್ಲ ಎಂದ ಕಡ್ಡಿ. ನೀನು ಅವಳಿಗೆ ಎಲ್ಲರಿಗಿಂತ ಹೆಚ್ಚು ಅಂಕ ಕೊಟ್ಟೆಯಂತೆ. ಹಾಗೆಂದು ಸೋದರಮಾವನ ಕೃಪೆ ಎಂದು ಎದೆಯುಬ್ಬಿಸಬೇಡ. ನಿನ್ನ ಫೋನಿನ ಸುದ್ದಿ ಕೇಳಿ ಹೆದರಿದ ಹುಡುಗಿ ಮರುದಿನವೇ ಕಾಲೇಜಿನ ಆಫೀಸಿಗೆ ಹೋಗಿ, ಪರೀಕ್ಷಕರಲ್ಲಿ ಒಬ್ಬರು ತನ್ನ ಸೋದರಮಾವ ಎಂದು ಬಾಯಿಬಿಟ್ಟು ಹೇಳಿದಳು. ನಾನು ಬೇಡವೆಂದರೂ ಕೇಳಲಿಲ್ಲ, ನನ್ನಷ್ಟು ಕಿಲಾಡಿಯಲ್ಲ ಅವಳು. ಅವರು ನಿನ್ನ ಅಂಕವನ್ನು ಬದಿಗಿಟ್ಟು ಉಳಿದವರದನ್ನಷ್ಟೇ ಕೂಡಿದರು. ಆದರೂ ಸೀಟು ಸಿಕ್ಕಿತು, ನಿನ್ನೆ ಪಟ್ಟಿ ಬಂತು. ಅಂದರೆ ನಿನ್ನ ಹೊಗಳಿಕೆ ಅವಳ ಸೀಟಿಗೆ ಬೇಕಿರಲಿಲ್ಲ. ಬೇಕಿದ್ದದ್ದು ನನ್ನ ಹೊಟ್ಟೆ ತಣ್ಣಗಾಗುವುದಕ್ಕೆ. ಇನ್ನು ಐದು ವರ್ಷ ಅವಳು ನಿನ್ನ ಕ್ಲಾಸಿನಲ್ಲಿ ಮುಂದಿನ ಬೆಂಚಿನಲ್ಲಿ ಕೂರುತ್ತಾಳೆ. ಕಾಫಿ ಕಪ್ಪನ್ನು ಎಲ್ಲಿಡಬೇಕೆಂದು ಈಗಲೇ ಯೋಚಿಸಿಕೋ.

ಆರೋಗ್ಯ ನೋಡಿಕೋ. ಹೊತ್ತು ಹೊತ್ತಿಗೆ ಉಣ್ಣು. ಸೊಸೆಗೂ ಮೊಮ್ಮಗನಿಗೂ ನನ್ನ ಆಶೀರ್ವಾದ. ನಿನಗೂ ಇದೆ, ಎಷ್ಟಾದರೂ ಹೆತ್ತ ಹೊಟ್ಟೆ.

ಇಂತಿ,
ನಿನ್ನ ಅಮ್ಮ

ತಾ.ಕ.: ನಿನ್ನ ತಂಗಿ ಅಂಚೆಗೆ ಹಾಕಲು ಹೊರಟು ಬಾಗಿಲಲ್ಲಿ ನಿಂತಿದ್ದಾಳೆ, ಮುಖ್ಯ ಮಾತನ್ನೇ ಮರೆತಿದ್ದೆ. ಮನೆ ಕಟ್ಟಿದವನನ್ನು ಒಂದು ವಾರ ಅದೇ ಮನೆಯಲ್ಲಿ ಕೂಡಿ ಹಾಕಬೇಕು ಎಂದೆಯಲ್ಲ, ಮೇಲೆ ನನ್ನ ಹಳೇ ಕೋಣೆ ಗುಡಿಸಿ ಹಾಸಿಗೆ ಹಾಸಿಸಿದ್ದೇನೆ. ಭಾನುವಾರ ಬಂದುಬಿಡು. ನೀನಿರುವಷ್ಟು ದಿನ ನಾನು ಕೆಳಗೇ ಮೈ ಒರೆಸಿಕೊಂಡು ಸುಧಾರಿಸುತ್ತೇನೆ. ಮೆಟ್ಟಿಲಿನ ಹಗ್ಗವನ್ನು ಬಿಚ್ಚಿಸಿದ್ದೇನೆ. ಗೆರೆ ಕೆಡುತ್ತದಲ್ಲ.