ಬೆಂಕಿ ಹಾಯ್ದ ಓಕ್ ಬಯಲು

ವಿಲಾಮೆಟ್ ಕಣಿವೆ, ಮೇ ತಿಂಗಳು

ಅಕ್ಕಾ,

ನಿನ್ನ ಕಡಲತೀರದ ಊರಿನವರಿಗೆ ಇದನ್ನು ಹೇಳಿದರೆ ನಂಬಲಿಕ್ಕಿಲ್ಲ. ಹೋದ ಶರತ್ಕಾಲದಲ್ಲಿ ನನ್ನ ಗಂಡನ ಅಜ್ಜಿ ವರ್ನಾ ಓಕ್ ಮರಗಳ ಕೆಳಗಿನ ಒಣಹುಲ್ಲಿಗೆ ತಾನೇ ಕೊಳ್ಳಿ ಇಟ್ಟಳು. ಈ ಕಣಿವೆಯ ಮೂಲನಿವಾಸಿಗಳಾದ ಅವಳ ಜನ ಹಿಂದೆ ಹಾಗೇ ಸುಡುತ್ತಿದ್ದರಂತೆ, ಆಮೇಲೆ ಸುಡಬಾರದೆಂದು ಕಾನೂನು ಬಂತು, ಈಗ ಮತ್ತೆ ಅನುಮತಿ ಸಿಕ್ಕಿದೆ.

"ಮರಾನೂ ಸುಟ್ಟುಹೋದ್ರೆ ಅಜ್ಜಿ?" ಎಂದು ಹೆದರಿ ಕೇಳಿದೆ.

"ಸುಮ್ನಿರೇ, ಅವಕ್ಕೆ ನಿಮ್ಮತ್ತೆಯಷ್ಟೇ ದಪ್ಪ ಚರ್ಮ!"

ಬೆಂಕಿ ಹುಲ್ಲನ್ನು ತಿಂದಿತು, ಓಕ್‌ಗಳನ್ನು ಮುತ್ತಿ ನೆಲಕ್ಕೆ ನೆರಳು ಕವಿಸಿದ್ದ ಫರ್ ಸಸಿಗಳನ್ನು ತಿಂದಿತು, ಓಕ್ ಬುಡಗಳನ್ನು ಮಾತ್ರ ನೆಕ್ಕಿ ಮುಂದೆ ಹೋಯಿತು.

ಇವತ್ತು ಬೆಳಿಗ್ಗೆ ಅಜ್ಜಿಯ ಜೊತೆ ಅಲ್ಲಿಗೆ ಹೋದರೆ ಬಯಲಿಡೀ ನೀಲಿ ಕಾಮಸ್ ಹೂವು! ಹೊಳೆ ಉಕ್ಕಿದೆಯೆಂದುಕೊಂಡು ಅಂಚಿನಲ್ಲೇ ನಿಂತುಬಿಟ್ಟೆ, ಅಕ್ಕಾ.

"ಇಷ್ಟೊಂದನ್ನ ಯಾರು ಬಿತ್ತಿದ್ರು?" ಎಂದೆ.

"ಯಾರೂ ಬಿತ್ತಿಲ್ಲ. ಗಡ್ಡೆ ನೆಲದೊಳಗೇ ಇತ್ತು, ಬಿಸಿಲಿಗೆ ಕಾಯ್ತಿತ್ತು," ಎನ್ನುತ್ತ ಅಜ್ಜಿ ಹೂಗಳ ನಡುವೆ ಕೂತಳು. ಎಬ್ಬಿಸಲು ಹೋದರೆ ನನ್ನ ಕೈ ತಳ್ಳಿದಳು. "ಹೋಗೇ, ನಮ್ಮಮ್ಮ ಅಡುಗೆಗೆ ಈ ಗಡ್ಡೆ ಅಗೀತಿದ್ದ ಜಾಗ ಇದು."

ನನ್ನ ಕೆಮ್ಮು ವಾಸಿಯಾಗಿದೆ, ಚಿಂತೆ ಬೇಡ. ಕಾರ್ಡು ತುಂಬಿತು. ಮಧ್ಯಾಹ್ನವಾದರೂ ಅಜ್ಜಿ ಎದ್ದಿಲ್ಲ, ಊಟ ಅಲ್ಲಿಗೇ ಒಯ್ಯುತ್ತಿದ್ದೇನೆ.

ನಿನ್ನ ನಡೀನ್