ಅಪ್ಪನ ಕೋರ್ಟ್ ಸಿನಿಮಾ

ಮಾರ್ಚ್ ೧೪, ಮಂಗಳವಾರ

ಪ್ರೀತಿಯ ಪುಟ್ಟೀ,

ಹೇಗಿದ್ದೀಯೆ? ಅಳಿಯಂದಿರು ಹೇಗಿದ್ದಾರೆ? ನಿನ್ನ ಕಾಗದ ಬಂದು ಬಹಳ ದಿನವಾಯಿತು, ಉತ್ತರ ಬರೆಯಲಿಲ್ಲವೆಂದು ಮುನಿಸಿಕೊಳ್ಳಬೇಡ. ಭಾನುವಾರ ಒಮ್ಮೆ ಬರೆಯಲು ಕೂತೆ. ಸಿಟ್ಟಿನಲ್ಲಿ ನನ್ನ ಅಕ್ಷರ ನನಗೇ ಓದಲಾಗದಂತಾಯಿತು, ಹರಿದು ಹಾಕಿದೆ. ಇವತ್ತೂ ಸಿಟ್ಟು ಇಳಿದಿಲ್ಲ. ಆದರೂ ಬರೆಯುತ್ತೇನೆ, ಇಲ್ಲದಿದ್ದರೆ ಪಾತ್ರೆಗಳ ಮೇಲೆ ತೀರಿಸಿಕೊಳ್ಳಬೇಕಾಗುತ್ತದೆ.

‘ಮುಂದಿನ ತಿಂಗಳು ಬಂದಾಗ ಅಪ್ಪನ ಜೊತೆ ಕೂತು ಆ ಕೋರ್ಟ್ ಸಿನಿಮಾ ನೋಡಬೇಕು ಅಂತಿದಾರೆ ಇವರು’ ಎಂದು ಬರೆದಿದ್ದೀಯಲ್ಲ, ಆ ಸಿನಿಮಾದಿಂದಲೇ ಬಂದ ರಗಳೆ ಇದು.

ಸಿನಿಮಾ ನಿನಗೆ ಬಾಯಿಪಾಠ. ಮಾಡದ ಕೊಲೆಗೆ, ಮೈಬಣ್ಣವೊಂದೇ ಕಾರಣವಾಗಿ ಕಟಕಟೆಯಲ್ಲಿ ನಿಂತವನು, ಇಡೀ ಊರನ್ನು ಎದುರು ಹಾಕಿಕೊಂಡು ಅವನ ಪರ ವಾದಿಸುವ ವಕೀಲ. ನೀನು ಚಿಕ್ಕವಳಿದ್ದಾಗ ಕ್ಯಾಸೆಟ್ ಇತ್ತು. ಅದು ಸವೆದು ಪರದೆಯ ತುಂಬ ಗೆರೆ ಬೀಳತೊಡಗಿದ ಮೇಲೆ ಡಿಸ್ಕ್ ತರಿಸಿಕೊಂಡರು. ವಕೀಲಿಕೆ ಬಿಟ್ಟ ಮೇಲಂತೂ ಸಿನಿಮಾದ ವಕೀಲ ತಾವೇ ಎಂದು ನಿನ್ನಪ್ಪನಿಗೆ ಅನ್ನಿಸಿಬಿಟ್ಟಿದೆ. ವರ್ಷಕ್ಕೊಂದು ಸಲ ಬೇಕಾದವರನ್ನೆಲ್ಲ ಕರೆದು ತೋರಿಸಬೇಕು, ನಡುನಡುವೆ ನಿಲ್ಲಿಸಿ ಭಾಷಣ ಬಿಗಿಯಬೇಕು. ಎಲ್ಲೆಲ್ಲಿ ನಿಲ್ಲಿಸಬೇಕೆಂದು ಹಿಂದಿನ ದಿನವೇ ಒಬ್ಬರೇ ಕೂತು ಹಾಕಿ ನೋಡಿಕೊಳ್ಳುತ್ತಾರೆ. ಆಮೇಲೆ ಡಿಸ್ಕ್ ಡಬ್ಬಿಗೆ, ಡಬ್ಬಿ ಗಾಜಿನ ಕಪಾಟಿಗೆ, ಕಪಾಟಿಗೆ ಬೀಗ, ಬೀಗದ ಕೈ ಅವರ ಜೇಬಿಗೆ.

ಈ ಸಲದ ದರ್ಬಾರು ಮೊನ್ನೆ ಶನಿವಾರ. ಹಲ್ಲಿನ ಡಾಕ್ಟರು, ನಿನ್ನ ಸೋದರತ್ತೆ, ಅಪ್ಪನ ಕೈಕೆಳಗೆ ಪಳಗಿದ ವಕೀಲರು ಬರುವವರಿದ್ದರು. ಮಧ್ಯಾಹ್ನ ಹೊಸ ಸ್ಪೀಕರ್ ಜೋಡಿಸಲು ಟಿ.ವಿ. ಅಂಗಡಿಯಿಂದ ಮೆಕ್ಯಾನಿಕ್ ಬಂದ. ನಮ್ಮ ಅಳಿಯಂದಿರ ಜನವೇ, ಅವರದೇ ಕಪ್ಪು ಮೈಬಣ್ಣ, ಹೆಚ್ಚುಕಡಿಮೆ ಅವರದೇ ವಯಸ್ಸು. ತಂತಿ ಎಳೆಯಲು ಕಪಾಟು ಸರಿಸಬೇಕಾಯಿತು. ಅಪ್ಪ ಬೀಗ ತೆಗೆದು ಡಬ್ಬಿಗಳನ್ನೆಲ್ಲ ಮೇಜಿನ ಮೇಲಿಟ್ಟರು. ಆತ ಅಚ್ಚುಕಟ್ಟಾಗಿ ಕೆಲಸ ಮುಗಿಸಿ, ಡಬ್ಬಿಗಳನ್ನು ಮತ್ತೆ ಜೋಡಿಸಿಟ್ಟು, ನಾನು ಕೊಟ್ಟ ಟೀ ಕುಡಿದು ಹೋದ.

ಸಂಜೆ ಎಲ್ಲರೂ ಬಂದು ಕೂತರು. ಅಪ್ಪ ಡಬ್ಬಿ ತೆರೆದರೆ ಒಳಗೆ ಏನೂ ಇಲ್ಲ.

“ಅವನೇ!” ಎಂದರು. ಹುಡುಕಲಿಲ್ಲ, ಯೋಚಿಸಲಿಲ್ಲ, ನನ್ನನ್ನು ಒಂದು ಮಾತು ಕೇಳಲಿಲ್ಲ. “ಆ ಜನಾನ ಒಳಗೆ ಬಿಟ್ಕೊಂಡ್ರೆ ಇನ್ನೇನಾಗುತ್ತೆ ಸಾರ್” ಎಂದು ಹಲ್ಲಿನ ಡಾಕ್ಟರು ತುಪ್ಪ ಸುರಿದರು. ಅಪ್ಪ ಅಂಗಡಿಗೆ ಫೋನ್ ಮಾಡಿ, ಕೇಸ್ ಹಾಕುತ್ತೇನೆಂದು ಮನೆ ಹಾರಿಹೋಗುವಂತೆ ಕೂಗಾಡಿದರು.

ಪಾಪ, ಆತ ಓಡೋಡಿ ಬಂದ. ಅಪ್ಪ ಕೋರ್ಟಿನಲ್ಲಿ ನಿಲ್ಲುತ್ತಿದ್ದ ಹಾಗೆಯೇ ಕೈ ಹಿಂದಕ್ಕೆ ಕಟ್ಟಿಕೊಂಡು ಶುರು ಹಚ್ಚಿದರು. “ಮಧ್ಯಾಹ್ನ ಈ ಮೇಜಿನ ಹತ್ರ ಯಾರಿದ್ರು?”

“ನಾನೇ ಸಾರ್.”

“ಡಬ್ಬಿಗಳನ್ನ ಮುಟ್ಟಿದ್ದು?”

“ನಾನೇ ಒಳಗಿಟ್ಟೆ ಸಾರ್.”

“ಕೇಳಿಸ್ಕೊಂಡ್ರಲ್ಲ!” ಎಂದು ಅಪ್ಪ ಸೋಫಾದ ಕಡೆ ತಿರುಗಿದರು. ಬಿಸ್ಕತ್ತು ಕಚ್ಚುತ್ತ ಕೂತಿದ್ದ ಜಡ್ಜುಗಳೆಲ್ಲ ತಲೆಯಾಡಿಸಿದರು.

ಬ್ಯಾಗ್ ತೋರಿಸು ಎಂದು ಇನ್ನೂ ಯಾರೂ ಹೇಳಿರಲಿಲ್ಲ ಪುಟ್ಟೀ. ಆತನೇ ನೆಲಕ್ಕೆ ಕೂತು ಒಂದೊಂದಾಗಿ ತೆಗೆದಿಟ್ಟ. ಇಕ್ಕಳ, ಸ್ಕ್ರೂಡ್ರೈವರ್, ತಂತಿಯ ಸುರುಳಿ, ಊಟದ ಡಬ್ಬಿ. ಊಟದ ಡಬ್ಬಿಯ ಮುಚ್ಚಳವನ್ನೂ ತೆರೆದು ತೋರಿಸಿದ. ಆಮೇಲೆ ಎದ್ದು ನಿಂತು ಪ್ಯಾಂಟಿನ ಜೇಬುಗಳನ್ನು ಹೊರಕ್ಕೆ ಎಳೆದ. ಮುಖದಲ್ಲಿ ಸಿಟ್ಟೂ ಇರಲಿಲ್ಲ, ಅಳುವೂ ಇರಲಿಲ್ಲ. ಆ ಕೈಗಳಿಗೆ ಅಭ್ಯಾಸವಾಗಿಹೋಗಿತ್ತು.

ನನ್ನ ಪಿತ್ತ ನೆತ್ತಿಗೇರಿತು. ಆಗಲೇ ಹಿಂದಿನ ದಿನದ್ದು ನನಗೆ ಹೊಳೆಯಿತು, ನೆಟ್ಟಗೆ ಹೋಗಿ ಪ್ಲೇಯರಿನ ಗುಂಡಿ ಒತ್ತಿದೆ. ನಾಲಿಗೆ ಚಾಚಿ ಅಣಕಿಸಿದ ಹಾಗೆ ಡಿಸ್ಕ್ ಹೊರಗೆ ಬಂತು. ಹಿಂದಿನ ದಿನ ನೋಡಲು ಹಾಕಿ ಕುರ್ಚಿಯಲ್ಲೇ ಗೊರಕೆ ಹೊಡೆದಿದ್ದರಲ್ಲ ಈ ಮಹಾಶಯರು!

“ಓಹೋ, ಇಲ್ಲೇ ಇದೆ. ಸರಿ ಸರಿ, ನೀನಿನ್ನು ಹೊರಡಪ್ಪಾ” ಎಂದರು ನಿನ್ನಪ್ಪ. ಅಷ್ಟೇ! ಆತ ಇನ್ನೂ ನೆಲದ ಮೇಲೆ ಸಾಮಾನು ತುಂಬಿಕೊಳ್ಳುತ್ತಿದ್ದ, ಇತ್ತ ದೀಪ ಆರಿಸಿ ಸಿನಿಮಾ ಹಾಕಿಯೇಬಿಟ್ಟರು. ಕತ್ತಲಲ್ಲಿ ತಡಕಾಡುತ್ತಿದ್ದವನಿಗೆ ನಾನು ಟಾರ್ಚ್ ಹಿಡಿದೆ. “ಬರ್ತೀನಮ್ಮಾ” ಎಂದು ನನಗೆ ಮಾತ್ರ ಹೇಳಿ ಹೋದ.

ಇನ್ನು ಕೊನೆಯ ವಾದದ ಹೊತ್ತಿಗೆ ಏನು ನಡೆಯಿತು ಕೇಳು. ಹಲ್ಲಿನ ಡಾಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಸೋದರತ್ತೆ ಬಿಕ್ಕಿ ಬಿಕ್ಕಿ ಅತ್ತರು. ಅಪ್ಪ ಸಿನಿಮಾ ನಿಲ್ಲಿಸಿ, ಗಂಟಲು ಸರಿಮಾಡಿಕೊಂಡು, “ಆ ಕಾಲದ ಜನ ಎಂಥಾ ಕಟುಕರಾಗಿದ್ರು ನೋಡಿ” ಎಂದರು. ನಾನು ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದೆ. ಇನ್ನೊಂದು ನಿಮಿಷ ಅಲ್ಲಿದ್ದಿದ್ದರೆ ಆ ತಟ್ಟೆಗಳು ಉಳಿಯುತ್ತಿರಲಿಲ್ಲ.

ನಿನ್ನೆ ಅಂಗಡಿಗೆ ಹೋದೆ. ಆತ ಅಲ್ಲಿರಲಿಲ್ಲ. “ಸಾಹೇಬ್ರು ಅಷ್ಟು ಕೂಗಾಡಿದ ಮೇಲೆ ಅವನನ್ನ ಜನರ ಮನೆಗೆ ಹೇಗಮ್ಮ ಕಳಿಸ್ಲಿ? ಕೆಲಸ ಬಿಡಿಸಿದೆ” ಎಂದ ಮಾಲೀಕ. ಡಿಸ್ಕ್ ಸಿಕ್ಕಿತೆಂದು ಎಷ್ಟು ಹೇಳಿದರೂ, “ಕಂಪ್ಲೇಂಟ್ ಮಾಡಿದವರೇ ಬಾಯ್ಬಿಟ್ಟು ತಪ್ಪಾಯ್ತು ಅನ್ಲಿ, ನಾಳೆನೇ ಕರೀತೀನಿ” ಎಂದು ಪಟ್ಟು ಹಿಡಿದ. ಮನೆಗೆ ಬಂದು ಹೇಳಿದರೆ ನಿನ್ನಪ್ಪ, “ನಾನೇನು ಅವನನ್ನ ಹೊಡೆದ್ನಾ, ಬೈದ್ನಾ? ಕೇಳಿದೆ, ಅಷ್ಟೇ” ಎಂದು ಪೇಪರ್ ಅಡ್ಡ ಹಿಡಿದರು. ಜೀವಮಾನವೆಲ್ಲ ಕಂಡವರ ಪರ ವಾದಿಸಿದ ಬಾಯಿಗೆ ಒಂದೇ ಒಂದು ಮಾತು ಭಾರವಾಯಿತಂತೆ! ಟಿ.ವಿ. ರಿಮೋಟ್ ಈಗ ನನ್ನ ಕೈಚೀಲದಲ್ಲಿದೆ. ಅಂಗಡಿಗೆ ಹೋಗಿ ಹೇಳಿ ಬರುವ ತನಕ ಅದೂ ಇಲ್ಲ, ನನ್ನ ಮಾತೂ ಇಲ್ಲ.

ಮೈ ಕಡೆ ನೋಡಿಕೋ, ಹೊತ್ತಿಗೆ ಸರಿಯಾಗಿ ಊಟ ಮಾಡು. ನೀವಿಬ್ಬರೂ ನೂರು ಕಾಲ ನಗುನಗುತ್ತಾ ಬಾಳಿ.

ನಿನ್ನ,
ಅಮ್ಮ

ಮರೆತಿದ್ದೆ: ಮರೆತಿದ್ದೆ ಎಂಬುದು ಸುಳ್ಳು, ಬರೆಯಲು ಕೈ ಬಂದಿರಲಿಲ್ಲ. ಕಪಾಟಿಗೆ ಅಪ್ಪ ಬೀಗ ಹಾಕಿಸಿದ್ದು ನೀವಿಬ್ಬರೂ ಮದುವೆಯಾಗಿ ಮೊದಲ ಸಲ ಬಂದು ಹೋದ ವಾರ. ಧೂಳು ಕೂರಬಾರದೆಂದು ಅಂದರು. ಧೂಳಿಗೆ ಯಾರಾದರೂ ಬೀಗ ಹಾಕುತ್ತಾರೆಯೇ? ಅದರ ಮುಂದಿನ ಸಲ ಬಂದಾಗ ಅಳಿಯಂದಿರು ಆ ಬೀಗವನ್ನೇ ಸ್ವಲ್ಪ ಹೊತ್ತು ನೋಡುತ್ತ ನಿಂತಿದ್ದರು. ಅಲ್ಲಿಂದೀಚೆಗೆ ಬಂದಾಗಲೆಲ್ಲ ಬ್ಯಾಗನ್ನು ಬಾಗಿಲಾಚೆ ಬೆಂಚಿನ ಮೇಲೇ ಬಿಟ್ಟು ಒಳಗೆ ಬರುತ್ತಾರೆ. ‘ಎಂಥಾ ಮರೆಗುಳೀನ ಕಟ್ಕೊಂಡೆನಮ್ಮಾ’ ಎಂದು ನೀನು ನಗುತ್ತೀಯ, ನಾನೂ ನಗುತ್ತಿದ್ದೆ. ಅದು ಮರೆವಲ್ಲ ಕಣೇ. ಆ ಮೆಕ್ಯಾನಿಕ್ ಊಟದ ಡಬ್ಬಿಯ ಮುಚ್ಚಳ ತೆರೆದಾಗ ನನಗೆ ಗೊತ್ತಾಯಿತು. ಬೀಗವನ್ನು ನಿನ್ನೆ ನಾನೇ ಕಿತ್ತು ಹಾಕಿದೆ. ಮುಂದಿನ ತಿಂಗಳು ಬ್ಯಾಗನ್ನು ಒಳಗೇ ತರಲು ಹೇಳು. ಬರಲು ಅವರಿಗೆ ಇನ್ನೂ ಮನಸ್ಸಿದ್ದರೆ.