ಜಾತಕದಲ್ಲಿ ಹದಿನಾರು

ಹನುಮಂತನಗರ, ಬೆಂಗಳೂರು
20 ಜನವರಿ 2008

ವಾಣಿ ಅಕ್ಕಂಗೆ ತಮ್ಮ ಗೌರೀಶ ಮಾಡೋ ನಮಸ್ಕಾರ.

ದೀಪಾವಳಿಗೆ ಬರೀತೀನಿ ಅಂದೋನು ಸಂಕ್ರಾಂತಿ ಎಳ್ಳು ತಿಂದು ಮುಗಿಸಿ ಈಗ ಕೂತಿದೀನಿ. ಬೈಕೋ. ಫೋನ್ ಮಾಡಿದ್ರೆ ಭಾವ ಪಕ್ಕದಲ್ಲೇ ಕೂತಿರ್ತಾರೆ, ಅದಕ್ಕೇ ನಿನ್ನ ಅಂಗನವಾಡಿ ವಿಳಾಸಕ್ಕೆ ಕಾಗದ. ಗ್ಯಾರೇಜ್ ಬಿಟ್ಟೆ, ಕೊರಿಯರ್ ಬಿಟ್ಟೆ, ಈಗ ತ್ಯಾಗರಾಜನಗರದ ಶೀನಣ್ಣನ ಜೊತೆ ಮದುವೆ ಅಡುಗೆ. ನಗಬೇಡ, ಈ ಸಲ ಮೂರು ತಿಂಗಳಾಯ್ತು!

ಸುದ್ದಿ ಕೇಳು. ಚಿಕ್ಕಪ್ಪ ದೊಡ್ಡಬೈರಪ್ಪ ಮಗಳು ಅಕ್ಷಯಾ ಮದುವೆ ಗೊತ್ತು ಮಾಡ್ಬಿಟ್ಟಿದ್ರು. ಅಡುಗೆ ನಮ್ದೇ. ಸಾಮಾನು ಪಟ್ಟಿ ಬರ್ಕೊಳ್ಳೋಕೆ ಅವರ ಮನೆಗೆ ಹೋದೆ. ಛತ್ರದೋರಿಗೆ ತೋರ್ಸೋ ಫೈಲು ಟೀಪಾಯಿ ಮೇಲಿತ್ತು. ಸ್ಕೂಲ್ ಟಿಸಿಲಿ ಅವಳಿಗೆ ಹದಿನೆಂಟು. ಒಂದನೇ ಕ್ಲಾಸಿಗೆ ಬೇಗ ಸೇರ್ಸೋಕೆ ಎರಡು ವರ್ಷ ಜಾಸ್ತಿ ಬರೆಸಿದ್ರಲ್ಲ, ಅದು. ಅದರ ಕೆಳಗೇ ಜಾತಕ. ಅದ್ರಲ್ಲಿ ಹದಿನಾರು! ಮೇಷ್ಟ್ರಿಗೆ ಸುಳ್ಳು ಹೇಳ್ಬೋದು, ಗ್ರಹಗಳಿಗೆ ಹೇಳಕ್ಕಾಗುತ್ತಾ? ಅದನ್ನ ಮಾತ್ರ ಚಿಕ್ಕಪ್ಪ ಮುಟ್ಟಿರ್ಲಿಲ್ಲ.

ಅಕ್ಷಯಾ ಕಾಫಿ ತಂದ್ಕೊಟ್ಟು, "ಅಣ್ಣಾ, ಮಾರ್ಚಲ್ಲಿ ಪಿಯುಸಿ ಪರೀಕ್ಷೆ ಇತ್ತು" ಅಂದ್ಳು. ಇತ್ತು ಅಂದ್ಳು ಕಣಕ್ಕ, ಇದೆ ಅನ್ಲಿಲ್ಲ.

ಸೀದಾ ಶಂಕರಪುರಂಗೆ, ಲಾಯರ್ ಗಿರಿಜಾಂಬಾ ಮೇಡಂ ಹತ್ರ ಹೋದೆ. "ಬಾಲ್ಯವಿವಾಹಕ್ಕೆ ನವೆಂಬರಿಂದ ಹೊಸ ಕಾನೂನು ಬಂದಿದೆ ಕಣಪ್ಪ. ಮುಂಚೆ ಮೂರು ತಿಂಗಳು ಜೈಲು ಅಂತಿತ್ತು, ಈಗ ಎರಡು ವರ್ಷದ ತನಕ. ಮಾಡ್ಸಿದೋರಿಗೂ, ಕೈ ಜೋಡ್ಸಿದೋರಿಗೂ."

"ಅಡುಗೆಯೋರಿಗೂನಾ ಮೇಡಂ?"

"ಗೊತ್ತಿದ್ದೂ ಒಲೆ ಹಚ್ಚಿದ್ರೆ ನಿಮ್ಮನ್ನ ಮಾತ್ರ ಯಾಕೆ ಬಿಡ್ತಾರೆ?"

ಇದನ್ನ ಶೀನಣ್ಣಂಗೆ ಹೇಳಿದ್ದೇ ತಡ, ಚಿಕ್ಕಪ್ಪನ ಮನೆ ಗೇಟಲ್ಲಿ ನಿಂತು ಬೀದಿಗೆಲ್ಲ ಕೇಳೋ ಹಾಗೆ ಶುರು ಹಚ್ಕೊಂಡ್ರು. "ಸ್ವಾಮೀ, ಪರಪ್ಪನ ಅಗ್ರಹಾರದಲ್ಲಿ ಕೂತು ಕೈದಿಗಳಿಗೆ ಸಾರು ಕುದಿಸೋಕೆ ನನ್ನ ಕೈಲಾಗಲ್ಲ! ಒಲೆ ಹಚ್ಚಲ್ಲ! ಬೇರೆ ಅಡುಗೆಯೋನೂ ಹಚ್ಚಲ್ಲ, ಎಲ್ರಿಗೂ ಹೇಳ್ಬಿಡ್ತೀನಿ!"

"ಲೇ ಗೌರಿ, ಉಂಡ ಮನೆ ಮಾನ ಕಳೀತೀಯೇನೋ?" ಅಂತ ಚಿಕ್ಕಪ್ಪ ನನ್ನ ಮೇಲೆ ಬಂದ್ರು. ಲಕ್ಕಮ್ಮ ಚಿಕ್ಕಮ್ಮ ಮಧ್ಯ ಬಂದು, "ಅವನೇನ್ರೀ ಕಳ್ದ? ಅವಳನ್ನ ಹೆತ್ತೋಳು ನಾನು, ನನಗೆ ಲೆಕ್ಕ ಗೊತ್ತಿಲ್ವಾ? ಓದ್ಲಿ ಬಿಡಿ" ಅಂದ್ರು. ಚಿಕ್ಕಮ್ಮ ಅಷ್ಟು ಜೋರಾಗಿ ಮಾತಾಡಿದ್ದು ನಾನು ನೋಡೇ ಇರ್ಲಿಲ್ಲ.

ಗಂಡಿನೋರು ಜೈಲು ಅಂತ ಕೇಳಿದ್ದೇ ತಾಂಬೂಲ ವಾಪಸ್ ಕಳ್ಸಿದ್ರು. ಅಕ್ಷಯಾ ಅದೇ ತಟ್ಟೆ ಬಾಳೆಹಣ್ಣು ಸುಲ್ಕೊಂಡು ತಿಂತಾ ಕೆಮಿಸ್ಟ್ರಿ ಪುಸ್ತಕ ತೆಗೆದ್ಳು. ಶೀನಣ್ಣ ಖುಷಿಗೆ ಬೀದಿಗೆಲ್ಲ ಕೇಸರಿಬಾತ್ ಹಂಚಿದ್ರು. ಚಿಕ್ಕಪ್ಪ ಮುಖ ಗಂಟಿಕ್ಕೊಂಡೇ ಎರಡು ಸಲ ಹಾಕಿಸ್ಕೊಂಡ್ರು!

ಮಕ್ಕಳಿಗೆ ನನ್ನ ಮುದ್ದು. ನಿನ್ನ ಹೊಟ್ಟೆ ತಣ್ಣಗಿರ್ಲಿ ಅಕ್ಕ.

ನಿನ್ನ ತಮ್ಮ,
ಗೌರೀಶ್

ಇದನ್ನ ಮೇಲೆ ಬರಿಯೋಕೆ ಧೈರ್ಯ ಆಗ್ಲಿಲ್ಲ. ಮೇಡಂ ಇನ್ನೊಂದು ಹೇಳಿದ್ರು. ಗಂಡಸು ಮೈ ಮುಟ್ಟೋದಕ್ಕೆ ಒಪ್ಪಿಗೆ ಕೊಡೋಕೆ ಹುಡುಗಿಗೆ ಹದಿನಾರು ಆಗಿರ್ಬೇಕಂತೆ, ಇಲ್ಲಾಂದ್ರೆ ಅತ್ಯಾಚಾರವಂತೆ. ಕಟ್ಕೊಂಡ ಹೆಂಡ್ತಿ ಆದ್ರೆ ಹದಿನೈದು ತುಂಬಿದ್ರೆ ಮುಗೀತು, ಗಂಡನ್ನ ಕಾನೂನು ಕೇಳೋದೇ ಇಲ್ವಂತೆ. ತೊಂಬತ್ತಾರರಲ್ಲಿ ನಿನ್ನ ಮದುವೆ ಆದಾಗ ನಿನಗೆ ಹದಿನೈದು ತುಂಬಿ ಎರಡೇ ತಿಂಗಳು. ಮದುಮಗಳ ಜೊತೆಗೆ ಅಂತ ಎಂಟು ವರ್ಷದ ನನ್ನ ಕಳ್ಸಿದ್ರು. ಮೂರನೇ ದಿನ ನೀನು ಬಚ್ಚಲ ಹತ್ರ ನನ್ನ ಕೈ ಹಿಡ್ಕೊಂಡು, "ಬಂದು ಕರ್ಕೊಂಡ್ಹೋಗು ಅಂತ ಅಮ್ಮಂಗೆ ಹೇಳೋ ಗೌರಿ" ಅಂದೆ. ನಾನು ಮನೆಗೆ ಬಂದಾಗ ಅಮ್ಮ ಕೇಳಿದ್ಳು, "ಅಕ್ಕ ಹೆಂಗಿದಾಳೋ?" ಅಂತ. "ಅವರ ಮನೇಲಿ ಕಲರ್ ಟಿವಿ ಇದೆ" ಅಂದೆ. ಅಷ್ಟೇ ಹೇಳಿದ್ದು ಅಕ್ಕ.